ಕೊಡೆ ಮಾರ್ಕಿನ ಚಮಚಗಳು

ಒಂದು ಚಮಚದಿಂದ ಮನೆಯೊಳಗೆ ಏನು ಅನಾಹುತ ಆದೀತು ಎಂದು ಕೇಳಿದರೆ, ಹೆಚ್ಚೆಂದರೆ ಸಕ್ಕರೆ ಚೆಲ್ಲೀತು ಎನ್ನುವವರೇ ಬಹಳ. ಅವರು ಇನ್ಸ್‌ಪೆಕ್ಟರ ನಾದಿನಿಯನ್ನು ನೋಡಿದವರಲ್ಲ.

ಇನ್ಸ್‌ಪೆಕ್ಟರು ಎಂದರೆ ಪೊಲೀಸರಲ್ಲ. ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅಂಗಡಿ ಅಂಗಡಿಗೆ ಹೋಗಿ, ತೂಕದ ಬಟ್ಟುಗಳನ್ನು ತಲೆಕೆಳಗು ಮಾಡಿ, ತಳದಲ್ಲಿ ಇಲಾಖೆಯ ಮುದ್ರೆ ಇದೆಯೋ ಇಲ್ಲವೋ ಎಂದು ನೋಡುವುದು ಅವರ ಕಸುಬಾಗಿತ್ತು. ಅವರು ರಸ್ತೆಯ ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯ ಅಂಗಡಿಯ ತಕ್ಕಡಿ ತಾನಾಗಿಯೇ ಸಮಕ್ಕೆ ನಿಲ್ಲುತ್ತಿತ್ತಂತೆ. (ಹೀಗೆಂದು ಹೇಳಿದವರು ಅವರೇ.) ನಿವೃತ್ತಿಯಾದ ಮೇಲೆ ತಿರುಗಿಸಿ ನೋಡಲು ಏನೂ ಸಿಗದೆ ಅವರ ಕೈ ಸದಾ ಕಡಿಯುತ್ತಿತ್ತು.

ಅಂಥವರ ಊಟದ ಮೇಜಿನ ಮುಂದೆ ಕೂತು, ನಾದಿನಿ ಒಂದು ಮಧ್ಯಾಹ್ನ ಕೈಯಲ್ಲಿದ್ದ ಚಮಚವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದಳು.

"ಅಕ್ಕಾ, ಇದು ಅಮ್ಮನ ಚಮಚ ಅಲ್ಲ."

"ಅಲ್ಲದೆ ಮತ್ತೇನು? ನಿನ್ನ ಮುಂದೇನೇ ಅಲ್ವಾ ಅಮ್ಮ ಪಾಲು ಮಾಡಿ ಕೊಟ್ಟಿದ್ದು?" ಎಂದಳು ಇನ್ಸ್‌ಪೆಕ್ಟರ ಹೆಂಡತಿ.

"ಕೊಟ್ಟಿದ್ದು ಹೌದು. ಆದರೆ ಕೊಟ್ಟಿದ್ದು ಇದನ್ನಲ್ಲ. ಅಮ್ಮನ ಚಮಚ ಹಿಡಿದ್ರೆ ಕೈಯಲ್ಲಿ ಏನೋ ಇದೆ ಅನ್ನಿಸ್ತಿತ್ತು. ಇದನ್ನು ಊದಿದ್ರೆ ಹಾರಿಹೋಗುತ್ತೆ. ಅಂಚು ನೋಡು, ತುಟಿ ಕುಯ್ಯುತ್ತೆ."

ಈ ಚಮಚಗಳ ಚರಿತ್ರೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಇನ್ಸ್‌ಪೆಕ್ಟರ ಅತ್ತೆಯವರ ಹತ್ತಿರ ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡದೊಂದು ಸೆಟ್ಟು ಇತ್ತು. ಚಮಚ, ಫೋರ್ಕು, ಊಟದ ಚಾಕು, ಎಲ್ಲವೂ ಮಖಮಲ್ಲಿನ ಗೂಡುಗಳಲ್ಲಿ ತೊಟ್ಟಿಲ ಕೂಸುಗಳ ಹಾಗೆ ಮಲಗಿರುತ್ತಿದ್ದವು. ಕಣ್ಣು ಮುಚ್ಚುವ ಮುಂಚೆ ಆಕೆ ಅವನ್ನು ಇಬ್ಬರು ಹೆಣ್ಣುಮಕ್ಕಳಿಗೂ ಸಮವಾಗಿ ಹಂಚಿದ್ದರು. ಹಂಚಲಾಗದೆ ಉಳಿದದ್ದು ಬಡಿಸುವ ದೊಡ್ಡ ಚಮಚ ಒಂದೇ. ರಾಜ್ಯವೆಲ್ಲ ಪಾಲಾಗಿ ಕಿರೀಟ ಮಾತ್ರ ಉಳಿದಂತೆ. ಅದು ಅರ್ಧ ವರ್ಷ ಅಕ್ಕನ ಮನೆಯಲ್ಲಿ, ಅರ್ಧ ವರ್ಷ ತಂಗಿಯ ಮನೆಯಲ್ಲಿ ಇರತಕ್ಕದ್ದು ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅವತ್ತು ನಾದಿನಿ ಬಂದದ್ದು ತನ್ನ ಸರದಿಯ ಪ್ರಕಾರ ಅದನ್ನು ಒಯ್ಯಲಿಕ್ಕೇ.

ಒಯ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ತೀರ್ಪನ್ನೂ ಕೊಟ್ಟು ಹೋದಳು: "ಭಾನುವಾರ ನನ್ನ ಪಾಲಿನದ್ದೆಲ್ಲ ತರ್ತೀನಿ. ನಿಂದೂ ತೆಗೆದಿಡು. ಪಕ್ಕಪಕ್ಕ ಇಟ್ಟು ನೋಡೋಣ. ಹೊಂದಿದ್ರೆ ನನ್ನ ಮಾತು ವಾಪಸ್ಸು. ಹೊಂದದೇ ಹೋದ್ರೆ, ಅಮ್ಮನ ಸಾಮಾನು ಜೋಪಾನ ಮಾಡದವರ ಮನೆಗೆ ಅಮ್ಮನ ದೊಡ್ಡ ಚಮಚ ಯಾಕೆ ಬರಬೇಕು?"

ಬಾಗಿಲು ಮುಚ್ಚಿತು. ಹೆಂಡತಿ ದೊಡ್ಡ ಚಮಚ ನೇತಾಡುತ್ತಿದ್ದ, ಈಗ ಖಾಲಿಯಾದ ಗೂಟವನ್ನೇ ನೋಡುತ್ತ ನಿಂತಳು. ಬೈಯಲಿಲ್ಲ, ಅಳಲಿಲ್ಲ. ಅವಳು ಬೈಯುವಾಗ ಇನ್ಸ್‌ಪೆಕ್ಟರಿಗೆ ಹೆದರಿಕೆಯಾಗುತ್ತಿರಲಿಲ್ಲ, ಅಭ್ಯಾಸವಾಗಿತ್ತು. ಸುಮ್ಮನಿದ್ದಾಗ ಮಾತ್ರ ಕುರ್ಚಿಯ ಕೆಳಗೆ ನೆಲ ಜಾರಿದಂತಾಗುತ್ತಿತ್ತು.

"ನೀನೇನೂ ಚಿಂತೆ ಮಾಡಬೇಡ," ಎಂದು ಅವರು ಎದ್ದರು. "ಇದು ನನ್ನ ಇಲಾಖೆಗೆ ಸೇರಿದ ವಿಷಯ."

"ಅದಕ್ಕೇ ಚಿಂತೆ," ಎಂದಳು ಹೆಂಡತಿ.

ತನಿಖೆ ಆ ಕ್ಷಣದಿಂದಲೇ ಶುರುವಾಯಿತು. ಅಡಿಗೆಮನೆಯ ಡ್ರಾಯರು ಬರಿದಾಯಿತು. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಚಮಚಗಳನ್ನೆಲ್ಲ ಬೋರಲು ಮಲಗಿಸಿ, ಇನ್ಸ್‌ಪೆಕ್ಟರು ಭೂತಗನ್ನಡಿ ಹಿಡಿದು ಬಗ್ಗಿದರು. ಅವರ ಬೆನ್ನು ಆಮೇಲೆ ನೆಟ್ಟಗಾಗಲು ಹೆಂಡತಿ ಹಿಂದಿನಿಂದ, ಬಾಗಿಲ ಚೌಕಟ್ಟು ಮುಂದಿನಿಂದ ಸಹಾಯ ಮಾಡಬೇಕಾಯಿತು. ಆದರೆ ಫಲ ಸಿಕ್ಕಿತು. ಕೆಲವು ಚಮಚಗಳ ಹಿಡಿಯ ಹಿಂದೆ ಸವೆದುಹೋದ ಸಣ್ಣದೊಂದು ಚಿತ್ರವಿತ್ತು. ಉಳಿದ ಚಮಚಗಳನ್ನು ಅಲ್ಲಿಗೇ ಬಿಟ್ಟು, ಅದರ ಮೇಲೆ ತೆಳ್ಳನೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿದರು. ಕಪ್ಪಿನ ನಡುವೆ ಆಕೃತಿಯೊಂದು ಮೂಡಿತು.

"ಅಣಬೆ," ಎಂದರು ಇನ್ಸ್‌ಪೆಕ್ಟರು.

"ಕೊಡೆ," ಎಂದಳು ಹೆಂಡತಿ.

"ಕೊಡೆಗೆ ಕಡ್ಡಿ ಇರುತ್ತೆ."

"ಅಣಬೆಗೆ ಹಿಡಿ ಬಾಗಿರಲ್ಲ."

ಈ ವಾದದಲ್ಲಿ ಚಹ ಎರಡು ಸಲ ಆರಿತು. ಕೊನೆಗೆ ಇನ್ಸ್‌ಪೆಕ್ಟರು ಕಾಗದವನ್ನು ಜೇಬಿಗಿಟ್ಟುಕೊಂಡು, ಪೇಟೆಯ ಹಳೆಯ ಪಾತ್ರೆ ಅಂಗಡಿಗೆ ಹೋದರು. ಅವರನ್ನು ಕಂಡೊಡನೆ ಅಂಗಡಿಯವನ ಕೈ ಹಳೆಯ ಭಯದಿಂದ ತಾನಾಗಿ ತಕ್ಕಡಿಯ ಕಡೆಗೆ ಹೋಯಿತು. ವಿಷಯ ತಿಳಿದ ಮೇಲೆ ಸಮಾಧಾನದಿಂದ ಕಾಗದ ನೋಡಿ ನಕ್ಕ.

"ಕೊಡೆ ಮಾರ್ಕು ಸಾರ್. ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯ್ತು. ಅಂಥ ಮಾಲು ಈಗೆಲ್ಲಿ? ಹದಿನೆಂಟು-ಹತ್ತು ಅಂತೀವಿ. ನೂರು ಪಾಲಿಗೆ ಹದಿನೆಂಟು ಪಾಲು ಕ್ರೋಮಿಯಂ, ತುಕ್ಕು ಹಿಡಿಯದ ಹಾಗೆ. ಹತ್ತು ಪಾಲು ನಿಕ್ಕಲ್, ಹೊಳಪು ಹೋಗದ ಹಾಗೆ. ಅಗ್ಗದ ಚಮಚಕ್ಕೆ ನಿಕ್ಕಲ್ಲೇ ಹಾಕಿರಲ್ಲ."

"ಗುರುತು ಹಿಡಿಯೋದು ಹೇಗೆ?"

"ಕತ್ತಿನ ಹತ್ರ ದಪ್ಪ ಇರಬೇಕು, ಅಂಚು ನಯವಾಗಿರಬೇಕು, ಫೋರ್ಕಿನ ಹಲ್ಲುಗಳ ಸಂದೀಲೂ ಪಾಲಿಶ್ ಇರಬೇಕು. ಇಲ್ಲಾ, ಒಂದು ಮ್ಯಾಗ್ನೆಟ್ಟು ತೋರಿಸಿ. ನಿಕ್ಕಲ್ ಇರೋ ಚಮಚಕ್ಕೆ ಮ್ಯಾಗ್ನೆಟ್ಟು ಅಂಟಲ್ಲ. ಅಗ್ಗದ್ದಕ್ಕೆ ಅಂಟುತ್ತೆ. ಆದರೆ ಸಾರ್, ಒಂದು ವಿಷಯ..."

ಆ ಒಂದು ವಿಷಯವನ್ನು ಕೇಳಿಸಿಕೊಳ್ಳಲು ಇನ್ಸ್‌ಪೆಕ್ಟರು ಅಲ್ಲಿರಲಿಲ್ಲ. 'ಮ್ಯಾಗ್ನೆಟ್ಟು' ಎಂಬ ಶಬ್ದ ಕಿವಿಗೆ ಬೀಳುವಾಗಲೇ ಅವರ ಒಂದು ಕಾಲು ಬೀದಿಯಲ್ಲಿತ್ತು.

ರಿಪೇರಿಗೆ ಕಾದು ಬಿದ್ದಿದ್ದ ರೇಡಿಯೋದ ಹೊಟ್ಟೆ ಬಗೆದು ಅವರು ಮ್ಯಾಗ್ನೆಟ್ಟನ್ನು ಕಿತ್ತರು. ಅದು ಬಹಳ ಕಸುವಿನ ಮ್ಯಾಗ್ನೆಟ್ಟು. ಜೇಬಿನಲ್ಲಿಟ್ಟುಕೊಂಡು ಅಡಿಗೆಮನೆಗೆ ಹೋದರೆ ಒಲೆಯೇ ಎರಡು ಹೆಜ್ಜೆ ಮುಂದೆ ಬಂದು ಸ್ವಾಗತಿಸುತ್ತಿತ್ತು ಎಂದು ಅವರ ಅಂಬೋಣ. ಪರೀಕ್ಷೆ ನಡೆಯಿತು. ಫೋರ್ಕುಗಳು ಪಾಸಾದವು, ಅವುಗಳ ಹತ್ತಿರ ಮ್ಯಾಗ್ನೆಟ್ಟು ಮುಖ ತಿರುಗಿಸಿತು. ಆದರೆ ಚಮಚಗಳಲ್ಲಿ ಹೆಚ್ಚುಪಾಲು ಟಕ್ ಟಕ್ ಎಂದು ಹಾರಿ ಬಂದು ಮ್ಯಾಗ್ನೆಟ್ಟನ್ನು ಅಪ್ಪಿಕೊಂಡವು.

"ನಿನ್ನ ತಂಗಿ ಹೇಳಿದ್ದು ನಿಜ," ಎಂದರು ಇನ್ಸ್‌ಪೆಕ್ಟರು ಗಂಭೀರವಾಗಿ. "ಇವು ಕೊಡೆ ಮಾರ್ಕಲ್ಲ. ಈ ಮನೆಯಲ್ಲಿ ಯಾರೋ ಚಮಚ ಬದಲಾಯಿಸಿದ್ದಾರೆ. ಕೆಲಸದವರು ಯಾರಾದರೂ..."

"ನಮ್ಮ ಮನೇಲಿ ಕೆಲಸಕ್ಕೆ ಇರೋಳು ನಾನೊಬ್ಬಳೇ," ಎಂದು ಹೆಂಡತಿ ಮ್ಯಾಗ್ನೆಟ್ಟಿಗೆ ಜೋತುಬಿದ್ದ ಒಂದು ಚಮಚವನ್ನು ಕಿತ್ತುಕೊಂಡಳು. ತಿರುಗಿಸಿದಳು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದಳು. "ರೀ, ಇದರ ಹಿಂದೆ ಏನೋ ಕೊರೆದಿದೆ. ನನಗೆ ಕಾಣ್ತಿರೋದೇ ನಿಮಗೂ ಕಾಣುತ್ತಾ ಹೇಳಿ."

ಭೂತಗನ್ನಡಿಯಲ್ಲಿ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು: ತೂ. ಅ. ಇ. ಕ್ಯಾಂ.

ತೂಕ ಮತ್ತು ಅಳತೆ ಇಲಾಖೆ, ಕ್ಯಾಂಟೀನು.

ನಡೆದದ್ದೇನೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನೌಕರಿಯಲ್ಲಿದ್ದಷ್ಟು ಕಾಲವೂ ಇನ್ಸ್‌ಪೆಕ್ಟರು ಮನೆಯಿಂದ ಊಟದ ಡಬ್ಬಿ ಒಯ್ಯುತ್ತಿದ್ದರು, ಡಬ್ಬಿಯ ಜೊತೆಗೊಂದು ಚಮಚ. ಊಟ ಮುಗಿಸಿ ಕ್ಯಾಂಟೀನಿನ ನಲ್ಲಿಯಲ್ಲಿ ತೊಳೆದು, ಅಲ್ಲಿ ಒಣಗುತ್ತಿದ್ದ ಚಮಚಗಳ ನಡುವೆ ಇಟ್ಟು, ಕೈ ಒರೆಸಿಕೊಂಡು, ಮುಂದೆ ಕಂಡ ಚಮಚವನ್ನು ಡಬ್ಬಿಗೆ ಹಾಕಿಕೊಂಡು ಬರುತ್ತಿದ್ದರು. ಒಂದು ಕೊಟ್ಟರು, ಒಂದು ತಂದರು. ಲೆಕ್ಕ ಯಾವತ್ತೂ ತಪ್ಪಲಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಊರಿನ ಬಟ್ಟುಗಳ ತಳವನ್ನೆಲ್ಲ ತಿರುಗಿಸಿ ನೋಡಿದ ಮಹಾನುಭಾವರು ತಮ್ಮ ಡಬ್ಬಿಯ ಚಮಚದ ಬೆನ್ನನ್ನು ಒಂದು ದಿನವೂ ನೋಡಿರಲಿಲ್ಲ.

"ಅಂದ್ರೆ ನಮ್ಮಮ್ಮನ ಚಮಚಗಳು ಈಗ ನಿಮ್ಮ ಕ್ಯಾಂಟೀನಲ್ಲಿ ಚಹ ಕಲಕ್ತಾ ಇವೆ," ಎಂದಳು ಹೆಂಡತಿ.

"ತರ್ತೀನಿ," ಎಂದರು ಇನ್ಸ್‌ಪೆಕ್ಟರು. "ಒಂದೂ ಬಿಡದ ಹಾಗೆ ತರ್ತೀನಿ. ಅವರದ್ದು ಅವರಿಗೆ, ನಮ್ಮದು ನಮಗೆ."

ಈ ಕಟ್ಟುನಿಟ್ಟಿನಲ್ಲಿಯೇ ಎಡವಟ್ಟಾಯಿತು. ಹೊರಡುವ ಮುಂಚೆ, ಯಾವುದೂ ಉಳಿಯಬಾರದೆಂದು, ಅವರು ಊಟದ ಚಾಕುಗಳಿಗೂ ಮ್ಯಾಗ್ನೆಟ್ಟು ಹಿಡಿದರು. ಚಾಕುಗಳು ಚಮಚಗಳಿಗಿಂತ ಜೋರಾಗಿ ಹಾರಿ ಬಂದವು.

"ಇವೂ ಕ್ಯಾಂಟೀನಿನವೇ."

"ನೀವು ಆಫೀಸಿಗೆ ಚಾಕು ಒಯ್ದಿದ್ದು ನಾನಂತೂ ಕಾಣೆ," ಎಂದಳು ಹೆಂಡತಿ. "ಡಬ್ಬಿಯಲ್ಲಿ ಚಾಕು ಹಾಕಿ ಕಳಿಸೋಕೆ ನಾನೇನು ನಿಮ್ಮನ್ನು ಯುದ್ಧಕ್ಕೆ ಕಳಿಸ್ತಿದ್ನಾ?"

"ಹಿಂದೆ ಕೊಡೆ ಇದೆಯಾ ತೋರಿಸು."

"ತಿಕ್ಕಿ ತಿಕ್ಕಿ ಅಳಿಸಿಹೋಗಿದೆ."

"ಮನುಷ್ಯರಿಗೆ ಮರೆವಿರುತ್ತೆ. ಮ್ಯಾಗ್ನೆಟ್ಟಿಗೆ ಮರೆವಿಲ್ಲ," ಎಂದು ಚಾಕುಗಳನ್ನೂ ಚೀಲಕ್ಕೆ ಹಾಕಿಕೊಂಡರು.

ಕ್ಯಾಂಟೀನಿನ ಯಜಮಾನಿಕೆ ಇದ್ದದ್ದು ದಪ್ಪಣ್ಣನೆಂದು ಎಲ್ಲರೂ ಕರೆಯುವ ಅಡಿಗೆಯವನ ಕೈಯಲ್ಲಿ. ಹೆಸರಿಗೆ ತಕ್ಕ ಆಳು. ಅವನು ಅಡಿಗೆಮನೆಯಲ್ಲಿ ಎಡಗಡೆ ಹೊರಳಿದರೆ ಬಲಗಡೆಯ ಪಾತ್ರೆಗಳು ಉರುಳುತ್ತಿದ್ದವು. ಇನ್ಸ್‌ಪೆಕ್ಟರು ಮೇಜಿನ ಮೇಲೆ ಚೀಲ ಸುರಿದು, ಊಟಕ್ಕೆ ಬಂದಿದ್ದ ಗುಮಾಸ್ತರೆಲ್ಲ ಕೇಳುವಂತೆ ಉಪನ್ಯಾಸವನ್ನೇ ಕೊಟ್ಟರು. ಕ್ರೋಮಿಯಂ ಎಂದರೇನು, ನಿಕ್ಕಲ್ ಎಂದರೇನು, ಪ್ರಾಮಾಣಿಕತೆ ಎಂದರೇನು. ಆಮೇಲೆ ಮ್ಯಾಗ್ನೆಟ್ಟನ್ನು ಎತ್ತಿ ಹಿಡಿದು ಶಾಸನ ಸಾರಿದರು: "ಅಂಟಿದ್ದೆಲ್ಲ ಕ್ಯಾಂಟೀನಿಂದು. ಅಂಟದ್ದೆಲ್ಲ ನಮ್ಮ ಮನೇದು. ಇದರ ಮೇಲೆ ಅಪೀಲಿಲ್ಲ."

ದಪ್ಪಣ್ಣ ತಕರಾರು ಮಾಡಲಿಲ್ಲ. ಕ್ಯಾಂಟೀನಿನ ಚಮಚಗಳ ಬುಟ್ಟಿಯನ್ನೇ ತಂದು ಮುಂದಿಟ್ಟ. ಇನ್ಸ್‌ಪೆಕ್ಟರು ಕೂತು ಆರಿಸಿದರು. ಅಂಟದ ಚಮಚಗಳು ಒಂದೊಂದಾಗಿ ಸಿಕ್ಕವು, ಒಂದೊಂದರ ಬೆನ್ನಲ್ಲೂ ಪುಟ್ಟ ಕೊಡೆ. ಇಬ್ಬರು ಗುಮಾಸ್ತರ ಬಾಯಿಂದಲೂ ಒಂದೊಂದನ್ನು ಊಟದ ನಡುವೆ ಎಳೆದುಕೊಳ್ಳಬೇಕಾಯಿತು. ಮನೆಗೆ ಬರುವಾಗ ಅವರ ಎದೆ ಎಷ್ಟು ಉಬ್ಬಿತ್ತೆಂದರೆ ಬಾಗಿಲಲ್ಲಿ ಅಡ್ಡಲಾಗಿ ನುಗ್ಗಬೇಕಾಯಿತು.

ಭಾನುವಾರ ನಾದಿನಿ ಬಂದಳು. ಅಕ್ಕನ ಚಮಚದ ಪಕ್ಕಕ್ಕೆ ತನ್ನ ಚಮಚ, ಅಕ್ಕನ ಫೋರ್ಕಿನ ಪಕ್ಕಕ್ಕೆ ತನ್ನ ಫೋರ್ಕು ಇಟ್ಟು ನೋಡಿದಳು. ಅವಳಿ ಮಕ್ಕಳ ಹಾಗೆ ಹೊಂದಿದವು. ಹೆಂಡತಿಯ ಮುಖ ಅರಳಿತು. ಇನ್ಸ್‌ಪೆಕ್ಟರು ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾದಿನಿ ಪೆಟ್ಟಿಗೆಯಿಂದ ಚಾಕುಗಳನ್ನು ತೆಗೆದದ್ದೇ ತಡ, ಅವರ ಕೈ ಜೇಬಿಗೆ ಹೋಯಿತು. ಟಕ್. ಚಾಕು ಅಂಟಿತು.

"ಅಂಟ್ತು," ಎಂದರು ಇನ್ಸ್‌ಪೆಕ್ಟರು. ಆ ಒಂದು ಶಬ್ದದಲ್ಲಿ ವಾರವಿಡೀ ನುಂಗಿದ್ದ ಅವಮಾನದ ಬಡ್ಡಿಯೆಲ್ಲ ಸೇರಿತ್ತು. "ನಮ್ಮನ್ನು ವಿಚಾರಣೆ ಮಾಡೋಕೆ ಬಂದವಳ ಮನೆಯಲ್ಲೇ ನಕಲಿ ಚಾಕು. ಎಲ್ಲಿಂದ ತಂದು ಇಟ್ಟೆಯಮ್ಮಾ?"

ನಾದಿನಿ ಚಾಕುವನ್ನು ತಿರುಗಿಸಿ ತೋರಿಸಿದಳು. ಅವಳ ಪಾಲಿನ ಚಾಕುಗಳು ಮಖಮಲ್ಲು ಬಿಟ್ಟು ಹೊರಗೆ ಬಂದದ್ದೇ ಅಪರೂಪ. ಅಲಗಿನ ಬುಡದಲ್ಲಿ ಕೊಡೆ ಮಾರ್ಕು ನಿನ್ನೆ ಒತ್ತಿದ ಹಾಗೆ ಕಾಣುತ್ತಿತ್ತು. ಕಡ್ಡಿಗಳ ಸಮೇತ.

"ಭಾವ, ಚಾಕುವಿನ ಅಲಗಿಗೆ ಬೇರೆ ಉಕ್ಕು. ಅದರಲ್ಲಿ ನಿಕ್ಕಲ್ ಇರಲ್ಲ. ಗಟ್ಟಿ ಉಕ್ಕಾದ್ರೇನೇ ಹರಿತ ನಿಲ್ಲೋದು. ಎಷ್ಟೇ ಒಳ್ಳೇ ಚಾಕು ಆದ್ರೂ ಮ್ಯಾಗ್ನೆಟ್ಟಿಗೆ ಅಂಟುತ್ತೆ. ನೀವು ಕೇಳಿದ ಅಂಗಡಿಯಲ್ಲೇ ನಾನೂ ಕೇಳ್ದೆ." ಸ್ವಲ್ಪ ತಡೆದು ಸೇರಿಸಿದಳು: "ಪೂರ್ತಿ ಕೇಳ್ದೆ. ಅಂದ ಹಾಗೆ ಅಕ್ಕಾ, ನಿನ್ನ ಚಾಕುಗಳೆಲ್ಲಿ?"

ಅಕ್ಕ ಗಂಡನ ಕಡೆಗೆ ನೋಡಿದಳು. ನಾದಿನಿ ತನ್ನ ಪಾಲಿನ ಜೊತೆ ತಂದಿದ್ದ ದೊಡ್ಡ ಚಮಚ ಬಂದ ಚೀಲದಲ್ಲಿಯೇ ಹಿಂದಿರುಗಿ ಹೋಯಿತು. ಸರದಿ ತನ್ನದೇ ಆದರೂ, ಚಾಕುಗಳು ಮನೆ ಸೇರಿದ ದಿನ ಅದನ್ನೂ ಒಮ್ಮೆ ತರುತ್ತೇನೆ ಎಂಬಷ್ಟು ದಯೆಯನ್ನು ಮಾತ್ರ ನಾದಿನಿ ತೋರಿಸಿ ಹೋದಳು.

ಇನ್ಸ್‌ಪೆಕ್ಟರು ಮಾರನೆಯ ದಿನ ಕ್ಯಾಂಟೀನಿನ ಬಾಗಿಲು ತೆಗೆಯುವ ಮುಂಚೆಯೇ ಅದರ ಮುಂದಿದ್ದರು. ಒಳಗೆ ದಪ್ಪಣ್ಣ ಅತ್ತೆಯವರ ಚಾಕುಗಳನ್ನು ಸಾಣೆಗೆ ಕೊಟ್ಟು ತರಿಸಿ, ಗುಡ್ಡದಷ್ಟು ಈರುಳ್ಳಿಯ ಮುಂದೆ ಕೂತಿದ್ದ.

"ಏನು ಅಲಗು ಸಾರ್. ಈರುಳ್ಳಿಗೆ ತಾನು ತುಂಡಾಗಿದ್ದು ಗೊತ್ತೇ ಆಗಲ್ಲ. ನಮ್ಮ ಹಳೇ ಮೊಂಡ ಚಾಕುಗಳನ್ನೆಲ್ಲ ಗುಜರಿಗೆ ಹಾಕಿಬಿಟ್ಟೆ."

"ಅವು ನಮ್ಮ ಚಾಕು," ಎಂದರು ಇನ್ಸ್‌ಪೆಕ್ಟರು.

"ಅಂಟುತ್ತಲ್ಲ ಸಾರ್?"

"ಅಂಟುತ್ತೆ. ಆದರೆ..."

"ಅಂಟಿದ್ದೆಲ್ಲ ಕ್ಯಾಂಟೀನಿಂದು ಅಂತ ತಾವೇ ಅಪ್ಪಣೆ ಕೊಡಿಸಿದ್ದು. ಅಪೀಲಿಲ್ಲ ಅಂತಾನೂ ಅಂದ್ರಿ. ಇವರೆಲ್ಲ ಕೇಳಿದ್ದಾರೆ."

ಊಟದ ನಡುವೆ ಚಮಚ ಕಳೆದುಕೊಂಡ ಇಬ್ಬರು ಗುಮಾಸ್ತರು, ಅಷ್ಟರಲ್ಲಿ ಬೆಳಗಿನ ಚಹಕ್ಕೆ ಬಂದಿದ್ದವರು, ಮೂಲೆಯಿಂದ ಬಲವಾಗಿ ತಲೆಯಾಡಿಸಿದರು. ಇನ್ಸ್‌ಪೆಕ್ಟರು ಪಟ್ಟು ಬಿಡಲಿಲ್ಲ. ಹಳೆಯ ಉಪನ್ಯಾಸವನ್ನು ಹಿಂದುಮುಂದು ಮಾಡಿ ಮತ್ತೊಮ್ಮೆ ಕೊಟ್ಟರು. ಅಲಗಿನ ಉಕ್ಕು ಬೇರೆ, ಹಿಡಿಯ ಉಕ್ಕು ಬೇರೆ ಎಂದರು. ನಿಯಮಕ್ಕೆ ಉಪನಿಯಮವಿರುತ್ತದೆ, ಉಪನಿಯಮಕ್ಕೆ ಅಪವಾದವಿರುತ್ತದೆ ಎಂದರು. ತೀರ್ಪು ಕೊಟ್ಟವನಿಗೇ ತೀರ್ಪನ್ನು ಮರುಪರಿಶೀಲಿಸುವ ಅಧಿಕಾರ ಅಂತರ್ಗತವಾಗಿಯೇ ಇರುತ್ತದೆ ಎಂದರು. ದಪ್ಪಣ್ಣ ಎಲ್ಲಕ್ಕೂ "ಹೌದು ಸಾರ್" ಎನ್ನುತ್ತ ಈರುಳ್ಳಿ ಹೆಚ್ಚುತ್ತಲೇ ಇದ್ದ. ಇನ್ಸ್‌ಪೆಕ್ಟರು ಕಣ್ಣೀರು ಸುರಿಸುತ್ತ ಹೊರಗೆ ಬಂದರು. ಅರ್ಧ ಈರುಳ್ಳಿಯಿಂದ, ಅರ್ಧ ಬೇರೆ ಕಾರಣದಿಂದ.

"ಏನಂದ್ರಿ ಅವನಿಗೆ?" ಎಂದು ಹೆಂಡತಿ ಕೇಳಿದಳು.

"ಹೇಳಬೇಕಾದ್ದೆಲ್ಲ ಹೇಳಿದೆ."

"ತಪ್ಪು ನಂದು ಅಂತ ಹೇಳಿದ್ರಾ?"

"ಅದು ಈ ವಿಷಯಕ್ಕೆ ಸಂಬಂಧಪಟ್ಟ ಅಂಶ ಅಲ್ಲ."

ಹೆಂಡತಿ ಚಪ್ಪಲಿ ಮೆಟ್ಟಿದಳು. ದಾರಿಯುದ್ದಕ್ಕೂ ಅವಳು ಮುಂದೆ, ಇನ್ಸ್‌ಪೆಕ್ಟರು ಹಿಂದೆ. ಕ್ಯಾಂಟೀನಿನ ಒಳಗೆ ಅವಳು ದಪ್ಪಣ್ಣನ ಮುಂದೆ ನಿಂತು, "ಅಪ್ಪಾ, ಇವರು ನಿನ್ನ ಹತ್ರ ಒಂದು ಮಾತು ಹೇಳೋದಿದೆಯಂತೆ," ಎಂದು ಬದಿಗೆ ಸರಿದಳು.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. "ಪರೀಕ್ಷಾ ವಿಧಾನದಲ್ಲಿ ಒಂದು ಸಣ್ಣ..." ಹೆಂಡತಿ ಕೆಮ್ಮಿದಳು. "ಅಂದರೆ, ಲಭ್ಯವಿದ್ದ ಮಾಹಿತಿಯ ಆಧಾರದ ಮೇಲೆ..." ಹೆಂಡತಿ ಮತ್ತೆ ಕೆಮ್ಮಿದಳು. ಊರಿನ ತಕ್ಕಡಿಗಳು ಅವರ ಕೆಮ್ಮಿಗೆ ನೆಟ್ಟಗಾಗುತ್ತಿದ್ದವೋ ಇಲ್ಲವೋ ದೇವರಿಗೇ ಗೊತ್ತು. ಅವಳ ಕೆಮ್ಮಿಗಂತೂ ಅವರು ನೆಟ್ಟಗಾದರು.

"ಗೊತ್ತಿಲ್ಲದೆ ಕೊಟ್ಬಿಟ್ಟೆ ಕಣಪ್ಪ. ತಪ್ಪು ನಂದು. ಅವು ಇವಳ ಅಮ್ಮನ ಚಾಕು."

ದಪ್ಪಣ್ಣ ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟು ಎದ್ದು ನಿಂತ. "ಅಷ್ಟೇನಾ ಸಾರ್? ಬೆಳಿಗ್ಗೆ ಅಷ್ಟು ದೊಡ್ಡ ಭಾಷಣ ಮಾಡೋ ಬದಲು ಇದೊಂದು ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದು ಎಲ್ಲ ಚಾಕುಗಳನ್ನೂ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಹೆಂಡತಿಯ ಕೈಗೆ ಕೊಟ್ಟ. ಅವತ್ತೇ ಇನ್ಸ್‌ಪೆಕ್ಟರು ಕ್ಯಾಂಟೀನಿಗೆ ಹೊಸ ಚಾಕುಗಳನ್ನು ಕೊಡಿಸಿದರು. ಪಾತ್ರೆ ಅಂಗಡಿಯವನ ಮಾತನ್ನು ಈ ಸಲ ಕೊನೆಯ ಅಕ್ಷರದವರೆಗೂ ಕೇಳಿಸಿಕೊಂಡು.

ನಾದಿನಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ದೊಡ್ಡ ಚಮಚವನ್ನು ತಂದು ಊಟದ ಮೇಜಿನ ನಡುವೆ ಇಟ್ಟು, ಅಕ್ಕನ ಜೊತೆ ಅಡಿಗೆಮನೆಗೆ ಹೋದಳು. ಇನ್ಸ್‌ಪೆಕ್ಟರು ಮತ್ತು ದೊಡ್ಡ ಚಮಚ, ಕೋಣೆಯಲ್ಲಿ ಇಬ್ಬರೇ. ಇನ್ನು ಯಾವುದನ್ನೂ ಪರೀಕ್ಷಿಸುವುದಿಲ್ಲ ಎಂದು ಅವರು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದರು. ಆದರೆ ಆಣೆ ಹಾಕಿಕೊಂಡದ್ದು ಮನಸ್ಸು, ಕೈಯಲ್ಲ. ಕೈ ತಾನಾಗಿ ಹೋಗಿ ಚಮಚವನ್ನು ತಿರುಗಿಸಿತು. ಬೆನ್ನಲ್ಲಿ ಕೊಡೆ ಇರಲಿಲ್ಲ. ಇನ್ನೊಂದು ಕೈ ಜೇಬಿಗೆ ಹೋಯಿತು.

ಟಕ್.

ಅಗ್ಗದ ಸ್ಟೀಲು. ಒಂದು ಚೂರು ನಿಕ್ಕಲ್ಲಿಗೂ ಗತಿಯಿಲ್ಲದ್ದು. ಯಾವ ಕಿರೀಟಕ್ಕಾಗಿ ಇಷ್ಟೆಲ್ಲ ಕದನವಾಯಿತೋ ಆ ಕಿರೀಟವೇ ತಗಡು. ಇನ್ಸ್‌ಪೆಕ್ಟರ ಬಾಯಿ ತೆರೆಯಿತು. ಅಷ್ಟರಲ್ಲಿ ಅಡಿಗೆಮನೆಯಿಂದ ಅಕ್ಕತಂಗಿಯರ ನಗು ಕೇಳಿಸಿತು. ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಅವರು ಬಾಯಿ ಮುಚ್ಚಿದರು. ಮ್ಯಾಗ್ನೆಟ್ಟನ್ನು ಎಳೆದರು. ಅದು ಬರಲಿಲ್ಲ. ಮೊಣಕಾಲುಗಳ ನಡುವೆ ಚಮಚವನ್ನು ಇಟ್ಟು ಎಳೆಯುತ್ತಿರುವಾಗ ಹೆಂಡತಿ ಒಳಗೆ ಬಂದಳು. ಇನ್ಸ್‌ಪೆಕ್ಟರು ಎರಡನ್ನೂ ಬೆನ್ನ ಹಿಂದೆ ಹಿಡಿದು ನಿಂತರು.

"ಏನ್ರೀ ಅದು ಬೆನ್ನ ಹಿಂದೆ?"

"ಏನಿಲ್ಲ. ದೊಡ್ಡ ಚಮಚ ನೋಡ್ತಿದ್ದೆ."

"ಹೇಗಿದೆ?"

ಇನ್ಸ್‌ಪೆಕ್ಟರು ಇಲಾಖೆಯ ದನಿ ತೆಗೆದರು. "ಶುದ್ಧ ಕೊಡೆ ಮಾರ್ಕು. ಹದಿನೆಂಟು-ಹತ್ತು. ಅನುಮಾನವೇ ಇಲ್ಲ."

ಹೆಂಡತಿ ಅವರ ಮುಖವನ್ನು ನೋಡಿದಳು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, "ಕೇಳಿಸ್ತೇನೇ? ಸುಳ್ಳು ಹೇಳಿದ್ರು. ಪಂದ್ಯ ನಾನೇ ಗೆದ್ದೆ," ಎಂದಳು.

ನಾದಿನಿ ಕೈ ಒರೆಸಿಕೊಳ್ಳುತ್ತ ಬಂದಳು. "ಭಾವ, ಮೇಜಿನ ಮೇಲೆ ಹತ್ತಿ ನಿಂತು ಡಂಗುರ ಹೊಡೀತೀರಿ ಅಂತ ನಾನು ಪಂದ್ಯ ಕಟ್ಟಿದ್ದೆ. ನೀವು ಹೀಗೆ ಕೈ ಕೊಡೋದಾ?"

"ನಿಮಗೆ ಮೊದಲೇ ಗೊತ್ತಿತ್ತಾ?"

"ನಮ್ಮಿಬ್ಬರನ್ನೂ ಕರ್ಕೊಂಡು ಹೋಗಿ ಅಮ್ಮ ತಳ್ಳುಗಾಡಿಯವನ ಹತ್ರ ಕೊಂಡಿದ್ದು ಅದು," ಎಂದಳು ಹೆಂಡತಿ, ಮ್ಯಾಗ್ನೆಟ್ಟನ್ನು ಬದಿಗೆ ಜಾರಿಸಿ ಸಲೀಸಾಗಿ ಬಿಡಿಸುತ್ತ. "ಸೆಟ್ಟಿಂದು ಯಾವತ್ತೋ ಮುರಿದಿತ್ತು. ನಮಗೆ ಬುದ್ಧಿ ಬಂದಾಗಿಂದ ಅಮ್ಮ ಬಡಿಸಿದ್ದು ಇದರಲ್ಲೇ. ನಾವು ಜಗಳ ಆಡಿದ್ದು ಈ ಚಮಚಕ್ಕೆ. ಮಾರ್ಕಿಗೆ ಅಂತ ಯಾರು ಹೇಳಿದ್ರು ನಿಮಗೆ?"

ಪಂದ್ಯದ ಪಣ ಆ ದೊಡ್ಡ ಚಮಚದ ಈ ಅರ್ಧ ವರ್ಷದ ಸರದಿಯೇ. ಅದು ಗೂಟಕ್ಕೆ ಮರಳಿತು. ಅಕ್ಕತಂಗಿಯರು ಇನ್ಸ್‌ಪೆಕ್ಟರನ್ನು ಮೇಜಿನ ಮುಖ್ಯ ಕುರ್ಚಿಯಲ್ಲಿ ಕೂರಿಸಿ, ಆ ಮನೆಯಲ್ಲಿ ಹಿಂದೆಂದೂ ಆಗದ ಹಾಗೆ, ಎಲ್ಲರಿಗಿಂತ ಮೊದಲು ಅವರಿಗೆ ಬಡಿಸಿದರು. ನೌಕರಿಯುದ್ದಕ್ಕೂ ಅವರು ಕೊಟ್ಟ ಸಾವಿರಾರು ನಿಜವಾದ ಸರ್ಟಿಫಿಕೇಟುಗಳಿಗೆ ಸಿಗದೇ ಹೋದ ಮರ್ಯಾದೆ, ಒಂದೇ ಒಂದು ಸುಳ್ಳು ಸರ್ಟಿಫಿಕೇಟಿಗೆ ಸಿಕ್ಕಿತು.